ಹಳೆಯ 12 ಜಿಬಿಯಾ, ಹೊಸ 8 ಜಿಬಿಯಾ? ಆರ್‌ಟಿಎಕ್ಸ್ 3060 ಮತ್ತು 4060 ನಡುವೆ ಆರಿಸುವುದು ಹೇಗೆ

ಹೊಸ ಗ್ರಾಫಿಕ್ಸ್ ಕಾರ್ಡಿನಲ್ಲಿ ಹಳೆಯದಕ್ಕಿಂತ ಕಡಿಮೆ ಮೆಮೊರಿ. ಗೊಂದಲ ಶುರುವಾಗುವುದೇ ಇಲ್ಲಿಂದ. ಎನ್‌ವಿಡಿಯಾ 2021ರ ಫೆಬ್ರವರಿಯಲ್ಲಿ ಆರ್‌ಟಿಎಕ್ಸ್ 3060 ಬಿಟ್ಟಾಗ ಅದರಲ್ಲಿ 12 ಜಿಬಿ ಇತ್ತು. 2023ರ ಜೂನ್ ಕೊನೆಗೆ 4060 ಬಂತು, ಅದರಲ್ಲಿ 8 ಜಿಬಿ ಮಾತ್ರ. ಬಿಡುಗಡೆ ಬೆಲೆಯೂ 329 ಡಾಲರ್‌ನಿಂದ 299ಕ್ಕೆ ಇಳಿದಿತ್ತು. 2025ರಲ್ಲಿ 5060 ಕೂಡ ಬಂತು, ಅದರಲ್ಲೂ 8 ಜಿಬಿಯೇ. ಆದರೂ ಸೆಕೆಂಡ್‌ಹ್ಯಾಂಡ್ ಮಾರುಕಟ್ಟೆಯಲ್ಲಿ, ಅಂಗಡಿಯಲ್ಲಿ ಉಳಿದ ಸ್ಟಾಕ್‌ನಲ್ಲಿ, ಗೆಳೆಯರು ಮಾರಲು ಇಟ್ಟ ಪಿಸಿಗಳಲ್ಲಿ ಎದುರುಬದುರು ನಿಲ್ಲುವುದು ಹೆಚ್ಚಾಗಿ ಈ ಎರಡೇ.

"ಹೊಸದೇ ತಗೋ" ಅನ್ನುವವರು ಒಂದು ಕಡೆ. "12 ಜಿಬಿ ಬಿಡಬೇಡ" ಅನ್ನುವವರು ಇನ್ನೊಂದು ಕಡೆ. ಇಬ್ಬರ ಮಾತಿನಲ್ಲೂ ಹುರುಳಿದೆ. ಒಬ್ಬರು ವೇಗ ನೋಡುತ್ತಿದ್ದಾರೆ, ಇನ್ನೊಬ್ಬರು ಜಾಗ ನೋಡುತ್ತಿದ್ದಾರೆ. ನಾನು ಹೇಳುವುದು ಇಷ್ಟು: ವೇಗ ಕಡಿಮೆಯಾದರೆ ಕೆಲಸ ಸ್ವಲ್ಪ ನಿಧಾನವಾಗುತ್ತದೆ, ಜಾಗ ಸಾಲದಿದ್ದರೆ ಕೆಲಸವೇ ಕೆಡುತ್ತದೆ. ಆದ್ದರಿಂದ ಮೊದಲು ಜಾಗದ ಪ್ರಶ್ನೆ ಬಗೆಹರಿಸಿಕೊಳ್ಳಿ, ವೇಗದ ಮಾತು ಆಮೇಲೆ.

ಮೊದಲು ಏನು ಕೇಳಿಕೊಳ್ಳಬೇಕು

ನಿಮ್ಮ ಕೆಲಸ 8 ಜಿಬಿ ದಾಟುತ್ತದಾ? ಇದು ಮೊದಲನೆಯದು. ಆಟ, ವಿಡಿಯೊ ಎಡಿಟಿಂಗ್, ಬ್ಲೆಂಡರ್ (3ಡಿ ಚಿತ್ರ ಮಾಡುವ ಸಾಫ್ಟ್‌ವೇರ್), ಮನೆಯಲ್ಲೇ ಎಐ ಮಾಡೆಲ್ ಓಡಿಸುವುದು, ಇವಕ್ಕೆಲ್ಲ ಒಂದೇ ಉತ್ತರ ಇಲ್ಲ. ಎರಡನೆಯದು, ಜಾಗ ಸಾಕು ಅನ್ನುವುದಾದರೆ ಯಾವುದು ಬೇಗ ಓಡುತ್ತದೆ, ಎಷ್ಟು ಬೇಗ. ಮೂರನೆಯದು ನಿಮ್ಮ ಹತ್ತಿರ ಈಗಿರುವ ಪಿಸಿ. ಮದರ್‌ಬೋರ್ಡ್ ಎಷ್ಟು ಹಳೆಯದು, ಎಸ್‌ಎಂಪಿಎಸ್ (ಪಿಸಿಗೆ ಕರೆಂಟು ಕೊಡುವ ಡಬ್ಬ) ಎಷ್ಟು ವ್ಯಾಟ್‌ನದು, ಯುಪಿಎಸ್ ಇದೆಯಾ. ಬಹಳ ಜನ ಇದನ್ನು ಕಾರ್ಡ್ ಮನೆಗೆ ಬಂದ ಮೇಲೆ ಯೋಚಿಸುತ್ತಾರೆ. ಕೊನೆಯದು ದುಡ್ಡು ಮತ್ತು ವಾರಂಟಿ. ಎರಡನ್ನೂ ಒಟ್ಟಿಗೇ ನೋಡಬೇಕು, ಯಾಕೆಂದರೆ ಹಳೆಯ ಕಾರ್ಡಿನ ಬೆಲೆ ಕಡಿಮೆ ಇರುವುದಕ್ಕೆ ವಾರಂಟಿ ಮುಗಿದಿರುವುದೂ ಒಂದು ಕಾರಣ.

ಕಾಗದದ ಮೇಲೆ

| ವಿವರ | 3060 (12 ಜಿಬಿ) | 4060 |
|---|---|---|
| ಚಿಪ್ | ಜಿಎ106, ಸ್ಯಾಮ್‌ಸಂಗ್ 8 ನ್ಯಾನೊಮೀಟರ್ | ಎಡಿ107, ಟಿಎಸ್‌ಎಂಸಿ 4ಎನ್ |
| ಕುಡಾ ಕೋರ್ (ಲೆಕ್ಕ ಮಾಡುವ ಘಟಕ) | 3584 | 3072 |
| ಬೂಸ್ಟ್ ಕ್ಲಾಕ್ | 1777 ಮೆಗಾಹರ್ಟ್ಸ್ | 2460 ಮೆಗಾಹರ್ಟ್ಸ್ |
| ಲೆಕ್ಕದ ವೇಗ | 12.7 ಟೆರಾಫ್ಲಾಪ್ಸ್ | 15.1 ಟೆರಾಫ್ಲಾಪ್ಸ್ |
| ಮೆಮೊರಿ ಬಸ್ (ಮೆಮೊರಿಗೆ ಹೋಗುವ ದಾರಿಯ ಅಗಲ) | 192 ಬಿಟ್ | 128 ಬಿಟ್ |
| ಬ್ಯಾಂಡ್‌ವಿಡ್ತ್ (ಆ ದಾರಿಯಲ್ಲಿ ಸಾಗುವ ಡೇಟಾ) | ಸೆಕೆಂಡಿಗೆ 360 ಜಿಬಿ | ಸೆಕೆಂಡಿಗೆ 272 ಜಿಬಿ |
| ಎಲ್2 ಕ್ಯಾಶ್ (ಚಿಪ್ ಒಳಗಿನ ಚಿಕ್ಕ, ವೇಗದ ಮೆಮೊರಿ) | 3 ಎಂಬಿ | 24 ಎಂಬಿ |
| ಪಿಸಿಐಇ (ಕಾರ್ಡ್ ಮತ್ತು ಮದರ್‌ಬೋರ್ಡ್ ನಡುವಿನ ದಾರಿ) | 4.0, 16 ಲೇನ್ | 4.0, 8 ಲೇನ್ |
| ವಿದ್ಯುತ್ | 170 ವ್ಯಾಟ್ | 115 ವ್ಯಾಟ್ |

ಕೋರ್ ಎಣಿಕೆ ನೋಡಿದರೆ 3060 ಮುಂದಿದೆ. ಕ್ಲಾಕ್, ಅಂದರೆ ಸೆಕೆಂಡಿಗೆ ಎಷ್ಟು ಸುತ್ತು ಎಂಬುದನ್ನು ನೋಡಿದರೆ 4060. ಎರಡನ್ನೂ ಸೇರಿಸಿದ ಲೆಕ್ಕವೇ ಟೆರಾಫ್ಲಾಪ್ಸ್, ಅಂದರೆ ಸೆಕೆಂಡಿಗೆ ಎಷ್ಟು ಲಕ್ಷ ಕೋಟಿ ಲೆಕ್ಕ ಎಂಬುದು. ಇದನ್ನು ನೀವೇ ಮಾಡಬಹುದು. ಕೋರ್‌ಗಳ ಸಂಖ್ಯೆ ಗುಣಿಸು 2 ಗುಣಿಸು ಕ್ಲಾಕ್. ಒಂದು ಕೋರ್ ಒಂದು ಸುತ್ತಿನಲ್ಲಿ ಒಂದು ಗುಣಾಕಾರ, ಒಂದು ಕೂಡಿಸುವ ಲೆಕ್ಕ ಒಟ್ಟಿಗೆ ಮಾಡುತ್ತದೆ. ಆ 2 ಬಂದದ್ದು ಅಲ್ಲಿಂದ. 3072 × 2 × 2.46 ಅಂದರೆ 15,114 ಗಿಗಾಫ್ಲಾಪ್ಸ್, ಸುಮಾರು 15.1 ಟೆರಾಫ್ಲಾಪ್ಸ್. 3060ಗೆ ಇದೇ ಲೆಕ್ಕ ಹಾಕಿದರೆ 12.7. ಅಂದರೆ 4060 ಶೇಕಡ 19ರಷ್ಟು ಮುಂದೆ.

ಈ ಶೇಕಡ 19 ಆಟದಲ್ಲೂ ಹೆಚ್ಚುಕಡಿಮೆ ಹಾಗೇ ಕಾಣುತ್ತದೆ. 1080ಪಿಯಲ್ಲಿ (1920×1080 ಚುಕ್ಕೆಗಳ ಪರದೆ) ಫ್ರೇಮ್ ಜನರೇಶನ್ (ಇದರ ವಿವರ ಮುಂದಿದೆ) ಇಲ್ಲದೆ ಎರಡರ ನಡುವಿನ ಅಂತರ ಸರಾಸರಿ ಶೇಕಡ 20ರ ಆಸುಪಾಸು. ಕಾಗದದ ಲೆಕ್ಕ ಇಷ್ಟು ಸರಿಯಾಗಿ ಕೂರುವುದು ಅಪರೂಪ. ಅದಕ್ಕೆ ಕಾರಣವೂ ಇದೆ. ಎರಡೂ ಒಂದೇ ಕಂಪನಿಯವು, ಕೋರ್‌ನ ಒಳಗಿನ ಕಟ್ಟಡವೂ ಬಹುಪಾಲು ಒಂದೇ ತರಹದ್ದು.

ಬೇರೆ ತಲೆಮಾರಿಗೆ ಹೋಗಿ ನೋಡಿ, ಲೆಕ್ಕ ಹಳಿ ತಪ್ಪುತ್ತದೆ. ಆರ್‌ಟಿಎಕ್ಸ್ 2060 ಸುಮಾರು 6.5 ಟೆರಾಫ್ಲಾಪ್ಸ್‌ನ ಕಾರ್ಡ್. 3060 ಅದರ ಎರಡರಷ್ಟು. ಹಾಗಂತ ಆಟದಲ್ಲಿ ಫ್ರೇಮ್ ಎರಡರಷ್ಟು ಬಂತಾ? ಇಲ್ಲ, ಶೇಕಡ 20ರ ಹತ್ತಿರ ಜಾಸ್ತಿ ಬಂತು ಅಷ್ಟೇ. 30ರ ಸರಣಿಯಿಂದ ಎನ್‌ವಿಡಿಯಾ ಪೂರ್ಣಾಂಕದ ಲೆಕ್ಕ ಮಾಡುತ್ತಿದ್ದ ಘಟಕಗಳಿಗೆ ದಶಮಾಂಶದ ಲೆಕ್ಕವನ್ನೂ ಕಲಿಸಿತು. ಎಲ್ಲವೂ ದಶಮಾಂಶದ ಕೆಲಸವೇ ಆದರೆ ವೇಗ ಎರಡರಷ್ಟು. ಆಟದ ಕೋಡ್‌ನಲ್ಲಿ ಪೂರ್ಣಾಂಕದ ಕೆಲಸವೂ ಬೆರೆತಿರುತ್ತದೆ. ಆಗ ಆ ಘಟಕಗಳು ಅತ್ತ ತಿರುಗುತ್ತವೆ, ಕಾಗದದ ವೇಗ ಕೈಗೆ ಸಿಗುವುದಿಲ್ಲ.

ಎಎಂಡಿಯ ಆರ್‌ಎಕ್ಸ್ 7600 ಇನ್ನೂ ತಮಾಷೆ. ಅದರ ಡಬ್ಬಿಯ ಲೆಕ್ಕ 21 ಟೆರಾಫ್ಲಾಪ್ಸ್ ದಾಟುತ್ತದೆ. ಆಟದಲ್ಲಿ ಅದು 15ರ 4060 ಜೊತೆಗೇ ಓಡುತ್ತದೆ. ಒಂದೇ ಸುತ್ತಿನಲ್ಲಿ ಎರಡು ಆದೇಶ ಓಡಿಸಬಲ್ಲೆ ಎಂಬ ಲೆಕ್ಕ ಅದು. ಆ ಅವಕಾಶ ಆಟಗಳಲ್ಲಿ ಸಿಗುವುದು ಕಡಿಮೆ. ಹಾಗಾಗಿ ಅಂಗಡಿಯವರು ಬೇರೆ ಬೇರೆ ಕಂಪನಿಯ ಟೆರಾಫ್ಲಾಪ್ಸ್ ಪಕ್ಕಪಕ್ಕ ಇಟ್ಟು ತೋರಿಸಿದರೆ ಸುಮ್ನೆ ನಕ್ಕು ಬಿಡಿ.

ಬಸ್ ಚಿಕ್ಕದಾಯಿತು, ಆದರೂ ಹೇಗೆ ಮುಂದಿದೆ?

192 ಬಿಟ್‌ನಿಂದ 128 ಬಿಟ್‌ಗೆ ಇಳಿಸಿದ್ದಕ್ಕೆ 4060 ಬಂದಾಗ ಬೈದವರು ತುಂಬಾ ಜನ. ಬ್ಯಾಂಡ್‌ವಿಡ್ತ್ ಲೆಕ್ಕವೂ ಸುಲಭ. ಬಸ್ ಅಗಲವನ್ನು 8ರಿಂದ ಭಾಗಿಸಿ, ಮೆಮೊರಿಯ ವೇಗದಿಂದ ಗುಣಿಸಿ. 3060ಗೆ 24 × 15 = 360. 4060ಗೆ 16 × 17 = 272. ಶೇಕಡ 24ರಷ್ಟು ಕಡಿಮೆ.

ಈ ಕೊರತೆ ತುಂಬಲು ಹಾಕಿದ್ದೇ ಆ 24 ಎಂಬಿ ಕ್ಯಾಶ್. ಹಳೆಯದರಲ್ಲಿ ಇದ್ದದ್ದು 3 ಎಂಬಿ. ಬೇಕಾದ ಡಬ್ಬ ಅಡುಗೆಕಟ್ಟೆಯ ಮೇಲೇ ಇದ್ದರೆ ಅಟ್ಟ ಹತ್ತುವ ಕೆಲಸ ಇರುವುದಿಲ್ಲ. ಕಟ್ಟೆ ದೊಡ್ಡದಾದಷ್ಟೂ ಅಟ್ಟದ ಏಣಿ ಕಿರಿದಾದರೂ ನಡೆಯುತ್ತದೆ. 1080ಪಿ ಆಟದಲ್ಲಿ ಒಂದೇ ಡೇಟಾ ಮತ್ತೆ ಮತ್ತೆ ಬೇಕಾಗುವುದರಿಂದ ಈ ಉಪಾಯ ಚೆನ್ನಾಗಿ ಫಲಿಸುತ್ತದೆ. 1440ಪಿ, 4ಕೆಗೆ ಹೋದಂತೆ ಕ್ಯಾಶ್‌ನಲ್ಲಿ ಸಿಗುವ ಪಾಲು ಇಳಿಯುತ್ತದೆ, 4060ರ ಮುನ್ನಡೆಯೂ ಕರಗುತ್ತಾ ಬರುತ್ತದೆ. ಎನ್‌ವಿಡಿಯಾ ಕ್ಯಾಶ್ ಸೇರಿಸಿ "ಪರಿಣಾಮದಲ್ಲಿ 453 ಜಿಬಿ" ಎಂಬ ಅಂಕಿ ಕೊಟ್ಟಿತ್ತು. ಅದು ಆಟದ ಸರಾಸರಿಗೆ ಮಾತ್ರ ಒಪ್ಪುವ ಮಾತು. ಕ್ಯಾಶ್‌ನಲ್ಲಿ ಹಿಡಿಯದ ಕೆಲಸಕ್ಕೆ 272 ಅಂದರೆ 272ವೇ. ಎಐ ಮಾಡೆಲ್ ವಿಷಯಕ್ಕೆ ಬಂದಾಗ ಇದು ಬೇಕಾಗುತ್ತದೆ.

ಇನ್ನೊಂದು ಮಾತು, ಕ್ಯಾಶ್ ಎಷ್ಟೇ ಇದ್ದರೂ 8 ಜಿಬಿ 9 ಜಿಬಿ ಆಗುವುದಿಲ್ಲ.

8 ಜಿಬಿ ತುಂಬಿದ ಮೇಲೆ ಏನಾಗುತ್ತದೆ

ಕಾರ್ಡಿನ ಮೆಮೊರಿ ತುಂಬಿದಾಗ ವಿಂಡೋಸ್ ಉಳಿದದ್ದನ್ನು ಕಂಪ್ಯೂಟರಿನ ಮಾಮೂಲಿ ರ‍್ಯಾಮ್‌ಗೆ ತಳ್ಳುತ್ತದೆ. ಅದನ್ನು ಮತ್ತೆ ತರಬೇಕಾದದ್ದು ಪಿಸಿಐಇ ದಾರಿಯಲ್ಲಿ. ಪಿಸಿಐಇ 4.0ರ 16 ಲೇನ್‌ನಲ್ಲಿ ಒಂದು ದಿಕ್ಕಿಗೆ ಸೆಕೆಂಡಿಗೆ ಸುಮಾರು 32 ಜಿಬಿ ಸಾಗುತ್ತದೆ. 4060ಗೆ ಇರುವುದು 8 ಲೇನ್, ಹಾಗಾಗಿ 16 ಜಿಬಿ. ಬೋರ್ಡ್ ಹಳೆಯದಾಗಿ 3.0 ಇದ್ದರೆ ಅದೂ ಅರ್ಧವಾಗಿ 8 ಜಿಬಿ. 272ರಿಂದ 8ಕ್ಕೆ! ಆಟದಲ್ಲಿ ಇದು ಹೇಗೆ ಕಾಣುತ್ತದೆ ಅಂದರೆ, ಸರಾಸರಿ ಫ್ರೇಮ್ ಚೆನ್ನಾಗಿಯೇ ಇರುತ್ತದೆ, ಆದರೆ ತಿರುಗಿದಾಗೆಲ್ಲ ಕಚಕ್ ಎಂದು ನಿಲ್ಲುತ್ತದೆ. ಕೆಲವು ಆಟಗಳು ನಿಲ್ಲುವುದಿಲ್ಲ, ಟೆಕ್ಸ್ಚರ್‌ಗಳನ್ನೇ (ಗೋಡೆ, ನೆಲದ ಮೇಲೆ ಹೊದಿಸುವ ಚಿತ್ರಗಳನ್ನೇ) ಮಸುಕು ಮಾಡಿಬಿಡುತ್ತವೆ. ಗ್ರಾಫ್‌ನಲ್ಲಿ ಏನೂ ಗೊತ್ತಾಗದು, ಕಣ್ಣಿಗೆ ಮಾತ್ರ ಕಾಣುತ್ತದೆ. ಸರಾಸರಿ ಅಂಕಿ ಮಾತ್ರ ನೋಡಿ ತೀರ್ಮಾನ ಮಾಡಬೇಡಿ ಅನ್ನುವುದು ಇದಕ್ಕೇ.

ಇಲ್ಲಿ ನಮ್ಮ ಕಡೆಯ ಬಹಳ ಪಿಸಿಗಳಿಗೆ ತಾಗುವ ಒಂದು ವಿಷಯ ಇದೆ. ಕಾರ್ಡ್‌ಗಳ ಬೆಲೆ ಮುಗಿಲು ಮುಟ್ಟಿದ್ದ ಕಾಲದಲ್ಲಿ "ಸದ್ಯಕ್ಕೆ ಇದರಲ್ಲಿ ನಡೆಸೋಣ, ಕಾರ್ಡ್ ಆಮೇಲೆ" ಎಂದು ರೈಜನ್ 5600ಜಿ ಹಾಕಿಸಿಕೊಂಡವರು ಅನೇಕರು. ಆ ಪ್ರೊಸೆಸರ್ ಪಿಸಿಐಇ 3.0 ಮಾತ್ರ ಕೊಡುತ್ತದೆ. ಮದರ್‌ಬೋರ್ಡ್ ಬಿ550 ಆಗಿದ್ದರೂ ಅಷ್ಟೇ. ಬಿ450 ಬೋರ್ಡ್, ಇಂಟೆಲ್‌ನ 10ನೇ ತಲೆಮಾರು ಮತ್ತು ಅದಕ್ಕೂ ಹಿಂದಿನವು ಕೂಡ 3.0ವೇ. ಇವುಗಳಲ್ಲಿ 4060 ಓಡುವುದಿಲ್ಲ ಎಂದಲ್ಲ, ಆರಾಮಾಗಿ ಓಡುತ್ತದೆ. ಮೆಮೊರಿ 8 ಜಿಬಿ ಒಳಗೆ ಇರುವವರೆಗೆ ಕಳೆದುಕೊಳ್ಳುವುದು ಅತಿ ಕಡಿಮೆ. ದಾಟಿದಾಗ ಏಟು ಜೋರು. ಹಳೆಯ ಬೋರ್ಡ್ ಇದ್ದು, ಟೆಕ್ಸ್ಚರ್ ಅಲ್ಟ್ರಾದಲ್ಲೇ ಇಡಬೇಕು ಎನ್ನುವವರಿಗೆ 3060ರ 12 ಜಿಬಿ ಮತ್ತು 16 ಲೇನ್ ಎರಡೂ ಅನುಕೂಲ.

ಆಟಕ್ಕೆ

ವ್ಯಾಲೊರಂಟ್, ಕೌಂಟರ್-ಸ್ಟ್ರೈಕ್ 2, ಜಿಟಿಎ 5 ತರಹದ ಆಟ ಮಾತ್ರ ಆಡುವವರಿಗೆ ಈ ಇಡೀ ಚರ್ಚೆಯೇ ಬೇಡ. ಎರಡೂ ಧಾರಾಳ. ವ್ಯಾಲೊರಂಟ್‌ನಲ್ಲಿ ಫ್ರೇಮ್ ನಿಂತಿರುವುದು ಪ್ರೊಸೆಸರ್ ಮೇಲೆ. ಯಾವುದು ಕಡಿಮೆ ಬೆಲೆಗೆ ಒಳ್ಳೆ ಸ್ಥಿತಿಯಲ್ಲಿ ಸಿಗುತ್ತದೋ ಅದನ್ನು ತೆಗೆದುಕೊಂಡು, ಉಳಿದ ದುಡ್ಡನ್ನು 144 ಹರ್ಟ್ಸ್ ಮಾನಿಟರ್‌ಗೆ ಹಾಕಿ.

ಹೊಸ ದೊಡ್ಡ ಆಟಗಳನ್ನು 1080ಪಿಯಲ್ಲಿ ಹೈ ಸೆಟ್ಟಿಂಗ್‌ನಲ್ಲಿ ಆಡುವವರಿಗೆ 4060 ಸರಿ. ಟೆಕ್ಸ್ಚರ್ ಒಂದು ಮೆಟ್ಟಿಲು ಇಳಿಸಲು ಒಪ್ಪಿದರೆ 8 ಜಿಬಿಯಲ್ಲಿ ಬಹುತೇಕ ಎಲ್ಲವೂ ನಡೆಯುತ್ತದೆ. ಒಪ್ಪದಿದ್ದರೆ ತೊಂದರೆ. 2023ರ ಮಾರ್ಚ್‌ನಲ್ಲಿ ಪಿಸಿಗೆ ಬಂದ ದಿ ಲಾಸ್ಟ್ ಆಫ್ ಅಸ್ ಪಾರ್ಟ್ 1, 1080ಪಿ ಅಲ್ಟ್ರಾದಲ್ಲೇ 8 ಜಿಬಿ ಕಾರ್ಡ್‌ಗಳನ್ನು ಉಸಿರುಗಟ್ಟಿಸಿತ್ತು. ಆಮೇಲಿನ ಅಪ್‌ಡೇಟ್‌ಗಳಲ್ಲಿ ಅದು ಎಷ್ಟೋ ಸುಧಾರಿಸಿತು, ನಿಜ. ಆದರೆ 8 ಜಿಬಿ ಗಡಿ ತಾಗುವ ಆಟಗಳು ಆಮೇಲೂ ಬರುತ್ತಲೇ ಇವೆ. ಮೂರ್ನಾಲ್ಕು ವರ್ಷ ಇಟ್ಟುಕೊಳ್ಳುವ ಯೋಚನೆ ಇದ್ದರೆ ಇದನ್ನು ಲೆಕ್ಕಕ್ಕೆ ಹಿಡಿಯಬೇಕು.

ಹಾಗಾದರೆ 1440ಪಿಗೆ 3060? ಇಲ್ಲಿ ಸ್ವಲ್ಪ ನಿಧಾನಿಸಿ. ಜಾಗ ಇದೆ, ಆದರೆ ಲೆಕ್ಕದ ಶಕ್ತಿ ಸಾಲದು. ಹೊಸ ಆಟಗಳಲ್ಲಿ 1440ಪಿ ಅಲ್ಟ್ರಾಗೆ ಇಬ್ಬರೂ ಏದುಸಿರು ಬಿಡುತ್ತಾರೆ. 12 ಜಿಬಿಯಿಂದ 3060ಗೆ ಸಿಗುವ ಲಾಭ ಇಷ್ಟೇ, ಟೆಕ್ಸ್ಚರ್ ಮಾತ್ರ ಮೇಲಿಟ್ಟು ನೆರಳು, ಬೆಳಕು, ದೂರದ ದೃಶ್ಯ ಇವನ್ನೆಲ್ಲ ಇಳಿಸಬಹುದು. ಟೆಕ್ಸ್ಚರ್ ಜಾಗ ತಿನ್ನುತ್ತದೆ, ಶಕ್ತಿ ಅಷ್ಟಾಗಿ ತಿನ್ನುವುದಿಲ್ಲ. ಕಣ್ಣಿಗೆ ಮೊದಲು ಕಾಣುವುದೂ ಅದೇ. ನನಗಂತೂ ನೆರಳು ಮೀಡಿಯಮ್ ಇದ್ದರೆ ಬೇಜಾರಿಲ್ಲ, ಎದುರಿನ ಗೋಡೆ ಮಸುಕಾಗಿದ್ದರೆ ಆಗುವುದಿಲ್ಲ.

4060 ಪರ ಇರುವ ದೊಡ್ಡ ಮಾತು ಫ್ರೇಮ್ ಜನರೇಶನ್. ಎರಡು ನಿಜವಾದ ಫ್ರೇಮ್‌ಗಳ ನಡುವೆ ಒಂದನ್ನು ಕಾರ್ಡೇ ಊಹಿಸಿ ಸೇರಿಸುತ್ತದೆ. ಎನ್‌ವಿಡಿಯಾದ ಈ ಸೌಲಭ್ಯ 3060ರಲ್ಲಿ ಇಲ್ಲ. ಜಾಹೀರಾತಿನ ಗ್ರಾಫ್‌ಗಳಲ್ಲಿ 4060 ಭಾರಿ ಮುಂದೆ ಕಾಣುವುದು ಇದರಿಂದಲೇ. ನೋಡಲು ನಯವಾಗಿರುತ್ತದೆ, ಆದರೆ ಮೌಸ್ ತಿರುಗಿಸಿದ್ದಕ್ಕೆ ಆಟ ಉತ್ತರ ಕೊಡುವುದು ಬೇಗ ಆಗುವುದಿಲ್ಲ, ತುಸು ತಡವೇ ಆಗುತ್ತದೆ. ಮೊದಲೇ 50-60 ಫ್ರೇಮ್ ಬರುತ್ತಿದ್ದರೆ ಚೆಂದ, 25 ಬರುತ್ತಿದ್ದಾಗ ಹಾಕಿದರೆ ಕೈಗೆ ಅಂಟಿನ ಹಾಗೆ. ಮತ್ತೊಂದು ವಿಚಿತ್ರ, ಇದಕ್ಕೂ ಕಾರ್ಡಿನ ಮೆಮೊರಿ ಬೇಕು. ಅಂದರೆ 8 ಜಿಬಿ ತುಂಬುತ್ತಿರುವ ಆಟದಲ್ಲೇ ಇದನ್ನು ಹಾಕಿದರೆ ಇನ್ನಷ್ಟು ತುಂಬುತ್ತದೆ. 3060 ಇದ್ದವರು ಪೂರ್ತಿ ಬರಿಗೈ ಏನಲ್ಲ. ಎಎಂಡಿಯ ಎಫ್‌ಎಸ್‌ಆರ್ 3 ಇರುವ ಆಟಗಳಲ್ಲಿ ಅದರ ಫ್ರೇಮ್ ಜನರೇಶನ್ 3060ರಲ್ಲೂ ಓಡುತ್ತದೆ. ಚಿತ್ರ ಹಿಗ್ಗಿಸುವ ಡಿಎಲ್‌ಎಸ್‌ಎಸ್ ಎರಡರಲ್ಲೂ ಇದೆ, 2025ರಲ್ಲಿ ಬಂದ ಹೊಸ ಮಾಡೆಲ್ ಕೂಡ.

ಎಡಿಟಿಂಗ್, ಬ್ಲೆಂಡರ್

ಯೂಟ್ಯೂಬ್‌ಗೆ ವಿಡಿಯೊ ಮಾಡುವವರಿಗೆ, ಲೈವ್ ಸ್ಟ್ರೀಮ್ ಮಾಡುವವರಿಗೆ 4060ರಲ್ಲಿ ಒಂದು ಹೆಚ್ಚಿನ ಸೌಲಭ್ಯ ಇದೆ. ವಿಡಿಯೊವನ್ನು ಚೆನ್ನಾಗಿ ಕುಗ್ಗಿಸುವ ಎವಿ1 ಮಾದರಿಯಲ್ಲಿ ಅದು ಎನ್‌ಕೋಡ್ ಮಾಡುತ್ತದೆ. 3060 ಎವಿ1 ವಿಡಿಯೊ ನೋಡಬಲ್ಲದು, ಮಾಡಲಾರದು. ಅಪ್‌ಲೋಡ್ ವೇಗ ಕಡಿಮೆ ಇರುವ ಊರಿನಿಂದ ಸ್ಟ್ರೀಮ್ ಮಾಡುವವರಿಗೆ ಅದೇ ಬಿಟ್‌ರೇಟ್‌ನಲ್ಲಿ ಚಿತ್ರ ಸ್ವಚ್ಛವಾಗಿ ಹೋಗುವುದು ಸಣ್ಣ ಲಾಭವಲ್ಲ.

ಮದುವೆ ವಿಡಿಯೊ ಕೆಲಸದವರು ಮಾತ್ರ ಒಂದು ವಿಷಯ ಗಮನಿಸಿ. ಈಗಿನ ಕ್ಯಾಮೆರಾಗಳಲ್ಲಿ 10 ಬಿಟ್ 4:2:2ನಲ್ಲಿ (ಬಣ್ಣದ ವಿವರ ಹೆಚ್ಚು ಉಳಿಸುವ ಮಾದರಿ) ಶೂಟ್ ಮಾಡುತ್ತೀರಲ್ಲ, ಆ ಫೈಲನ್ನು ನೇರವಾಗಿ ಡಿಕೋಡ್ ಮಾಡುವ ಹಾರ್ಡ್‌ವೇರ್ ಈ ಎರಡು ಕಾರ್ಡ್‌ಗಳಲ್ಲೂ ಇಲ್ಲ. ಎನ್‌ವಿಡಿಯಾದಲ್ಲಿ ಅದು ಬಂದದ್ದು 50ರ ಸರಣಿಯಿಂದ. ಟೈಮ್‌ಲೈನ್ ಎಳೆದಾಡಿದರೆ ತಡವರಿಸುತ್ತದೆ ಎಂದು 3060 ಕೊಟ್ಟು 4060 ತಂದರೆ ಆ ತಡವರಿಕೆ ಹಾಗೇ ಉಳಿಯುತ್ತದೆ. ಇಂಟೆಲ್ 11ನೇ ತಲೆಮಾರು ಅಥವಾ ಆಮೇಲಿನ ಪ್ರೊಸೆಸರ್‌ನ ಒಳಗಿನ ಗ್ರಾಫಿಕ್ಸ್ ಎಚ್‌ಇವಿಸಿ ಎಂಬ ವಿಡಿಯೊ ಮಾದರಿಯ 4:2:2 ಫೈಲನ್ನು ಸಲೀಸಾಗಿ ಡಿಕೋಡ್ ಮಾಡುತ್ತದೆ. ಅಂಥ ಪ್ರೊಸೆಸರ್ ಇದ್ದರೆ ಅದನ್ನು ಬಯಾಸ್‌ನಲ್ಲಿ ಆನ್ ಮಾಡಿಕೊಳ್ಳಿ, ದುಡ್ಡು ಉಳಿಯುತ್ತದೆ. ಎಫೆಕ್ಟ್, ಕಲರ್ ಗ್ರೇಡಿಂಗ್ ಜಾಸ್ತಿ ಇರುವ 4ಕೆ ಟೈಮ್‌ಲೈನ್‌ಗೆ 12 ಜಿಬಿ ನೆಮ್ಮದಿ. ರೆಂಡರ್ ಮಧ್ಯದಲ್ಲಿ "ಮೆಮೊರಿ ತುಂಬಿದೆ" ಎಂದು ನಿಲ್ಲುವುದಕ್ಕಿಂತ ನಾಲ್ಕು ನಿಮಿಷ ತಡವಾಗಿ ಮುಗಿಯುವುದು ವಾಸಿ ಅಲ್ವಾ?

ಬ್ಲೆಂಡರ್‌ನಲ್ಲೂ ಇದೇ ಕತೆ. ಸಣ್ಣ ಸೀನ್‌ಗೆ 4060 ಬೇಗ. ಗಿಡಮರ, ದೊಡ್ಡ ಟೆಕ್ಸ್ಚರ್ ತುಂಬಿದ ಸೀನ್‌ಗೆ 3060 ನಂಬಿಕಸ್ಥ.

ಮನೆಯಲ್ಲೇ ಎಐ ಮಾಡೆಲ್: ಇಲ್ಲಿ ಹಳೆಯದೇ ಗೆಲ್ಲುತ್ತದೆ

ಭಾಷಾ ಮಾಡೆಲ್ (ಚಾಟ್‌ಜಿಪಿಟಿ ತರಹ ಬರೆಯುವಂಥದ್ದು) ಓಡಿಸುವಾಗ ಟೆರಾಫ್ಲಾಪ್ಸ್ ಹಿಂದೆ ಸರಿದು ಬ್ಯಾಂಡ್‌ವಿಡ್ತ್ ಮುಂದೆ ಬರುತ್ತದೆ. ಒಂದೊಂದು ಟೋಕನ್ (ಪದ ಅಥವಾ ಪದದ ತುಣುಕು) ಬರೆಯಲೂ ಇಡೀ ಮಾಡೆಲನ್ನು ಮೆಮೊರಿಯಿಂದ ಒಂದು ಸಲ ಓದಬೇಕು. ಹಾಗಾಗಿ ಬ್ಯಾಂಡ್‌ವಿಡ್ತನ್ನು ಮಾಡೆಲ್ ಗಾತ್ರದಿಂದ ಭಾಗಿಸಿದರೆ ಸೆಕೆಂಡಿಗೆ ಗರಿಷ್ಠ ಎಷ್ಟು ಟೋಕನ್ ಬರಬಹುದು ಎಂಬ ಮೇಲ್ಮಿತಿ ಸಿಗುತ್ತದೆ.

800 ಕೋಟಿ ಪ್ಯಾರಾಮೀಟರ್‌ನ (ಮಾಡೆಲ್ ಒಳಗಿನ ಅಂಕಿಗಳು) ಮಾಡೆಲನ್ನು ಅಂಕಿಯೊಂದಕ್ಕೆ 4 ಬಿಟ್‌ಗೆ ಇಳಿಸಿದರೆ ಸುಮಾರು 5 ಜಿಬಿ. 3060ರಲ್ಲಿ 360 ಭಾಗಿಸು 5, ಅಂದರೆ 72. 4060ರಲ್ಲಿ 272 ಭಾಗಿಸು 5, ಅಂದರೆ 54. ನಿಜವಾಗಿ ಬರುವುದು ಇದಕ್ಕಿಂತ ಕಡಿಮೆ, ಆದರೆ ಯಾರು ಮುಂದೆ ಎನ್ನುವುದು ಬದಲಾಗುವುದಿಲ್ಲ. ಇಲ್ಲಿ 24 ಎಂಬಿ ಕ್ಯಾಶ್ ಯಾವ ಮೂಲೆಗೂ ಸಾಲದು, ಓದಬೇಕಾದದ್ದು ಜಿಬಿಗಟ್ಟಲೆ.

1400 ಕೋಟಿ ಪ್ಯಾರಾಮೀಟರ್‌ನದು 4 ಬಿಟ್‌ನಲ್ಲಿ 9 ಜಿಬಿ ಹತ್ತಿರ. 3060ರಲ್ಲಿ ಪೂರ್ತಿ ಕೂರುತ್ತದೆ, ಮಾತಿನ ಸಂದರ್ಭ ಇಡಲು ಇನ್ನೂ ಜಾಗ ಉಳಿಯುತ್ತದೆ. ಮೇಲ್ಮಿತಿ ಸೆಕೆಂಡಿಗೆ 40 ಟೋಕನ್. 4060ರಲ್ಲಿ ಕೂರುವುದಿಲ್ಲ. 7 ಜಿಬಿ ಕಾರ್ಡಿನಲ್ಲಿ, 2 ಜಿಬಿ ರ‍್ಯಾಮ್‌ನಲ್ಲಿ ಇಟ್ಟೆವು ಎಂದುಕೊಳ್ಳಿ. ಎರಡು ಚಾನೆಲ್‌ನ ಡಿಡಿಆರ್4 3200 ರ‍್ಯಾಮ್ ಕೊಡುವುದು ಸೆಕೆಂಡಿಗೆ 51 ಜಿಬಿ. 7 ಜಿಬಿ ಓದಲು 26 ಮಿಲಿಸೆಕೆಂಡ್, ಉಳಿದ 2 ಜಿಬಿ ಓದಲು 39 ಮಿಲಿಸೆಕೆಂಡ್. ಎರಡೂ ಸೇರಿ 65. ಅಂದರೆ ಸೆಕೆಂಡಿಗೆ 15 ಟೋಕನ್. ಹೊರಗೆ ಉಳಿದದ್ದು ಕಾಲು ಭಾಗಕ್ಕಿಂತ ಕಡಿಮೆ, ತಿಂದ ಸಮಯ ಅರ್ಧಕ್ಕಿಂತ ಜಾಸ್ತಿ. ಜಾಗದ ಪ್ರಶ್ನೆ ಮೊದಲು ಕೇಳಿ ಎಂದದ್ದು ಇಂಥ ಲೆಕ್ಕಕ್ಕೇ.

ಕನ್ನಡದಲ್ಲಿ ಬರೆಸುವವರಿಗೆ ಇದು ಇನ್ನೂ ಮುಖ್ಯ. ಬಹಳಷ್ಟು ಮಾಡೆಲ್‌ಗಳು ಅದೇ ವಿಷಯಕ್ಕೆ ಇಂಗ್ಲಿಷಿಗಿಂತ ಕನ್ನಡವನ್ನು ಜಾಸ್ತಿ ಟೋಕನ್‌ಗಳಾಗಿ ಒಡೆಯುತ್ತವೆ. ಇಂಗ್ಲಿಷಿನಲ್ಲಿ ಆರಾಮಾಗಿ ಓದುವ ವೇಗಕ್ಕೆ ಬರುವ ಉತ್ತರ ಕನ್ನಡದಲ್ಲಿ ತೆವಳುತ್ತದೆ.

ಚಿತ್ರ ಬರೆಸುವ ಮಾಡೆಲ್‌ಗಳ ಸ್ವಭಾವ ಬೇರೆ. ಅಲ್ಲಿ ಲೆಕ್ಕದ ಶಕ್ತಿಯೇ ಮುಖ್ಯ, 8 ಜಿಬಿಯಲ್ಲಿ ಹಿಡಿಸಿದರೆ 4060 ಬೇಗ. ಎಸ್‌ಡಿಎಕ್ಸ್‌ಎಲ್ ಎಂಬ ಚಿತ್ರದ ಮಾಡೆಲ್ ಗಾತ್ರದ್ದು 8 ಜಿಬಿಯಲ್ಲಿ ಬಿಗಿಯಾಗಿ ಕೂರುತ್ತದೆ. ಅದಕ್ಕಿಂತ ದೊಡ್ಡದು, ಅಥವಾ ಸ್ವಂತ ಚಿತ್ರಗಳ ಮೇಲೆ ತರಬೇತಿ ಕೊಡುವುದು ಎಂದರೆ 12 ಜಿಬಿ ಕಡೆಗೇ ಹೋಗಿ.

ಕರೆಂಟು, ಎಸ್‌ಎಂಪಿಎಸ್, ಯುಪಿಎಸ್

170 ಮತ್ತು 115 ನಡುವೆ 55 ವ್ಯಾಟ್ ಅಂತರ. ದಿನಾ 4 ಗಂಟೆ ಪೂರ್ತಿ ಹೊರೆಯಲ್ಲಿ ಓಡಿಸಿದರೆ ವರ್ಷಕ್ಕೆ 80 ಯೂನಿಟ್. ಯೂನಿಟ್‌ಗೆ 7 ರೂಪಾಯಿ ಎಂದು ಹಿಡಿದರೂ 560 ರೂಪಾಯಿ ಆಗುತ್ತದೆ. ಬಿಲ್ ನೋಡಿ ಕಾರ್ಡ್ ಆರಿಸುವಷ್ಟು ದೊಡ್ಡ ಮೊತ್ತವಲ್ಲ.

ವ್ಯತ್ಯಾಸ ಕಾಣುವುದು ಬೇರೆ ಕಡೆ. 600 ವಿಎ ಯುಪಿಎಸ್ ಹೊರುವುದು ಸಾಮಾನ್ಯವಾಗಿ 360 ವ್ಯಾಟ್. 3060, ಒಂದು ಆರು ಕೋರ್ ಪ್ರೊಸೆಸರ್, ಮಾನಿಟರ್ ಎಲ್ಲ ಸೇರಿ ಆಟದ ನಡುವೆ 300ರ ಆಸುಪಾಸಿಗೆ ಹೋಗುತ್ತದೆ. ಯುಪಿಎಸ್ ಹಳೆಯದಾಗಿದ್ದರೆ ಕರೆಂಟು ಹೋದ ಕೂಡಲೇ ಕೈ ಎತ್ತುತ್ತದೆ. 4060 ಇದ್ದರೆ ಸೇವ್ ಮಾಡಿ ಆಫ್ ಮಾಡುವಷ್ಟು ಹೊತ್ತು ಸಿಗುತ್ತದೆ. ಎಸ್‌ಎಂಪಿಎಸ್ ವಿಷಯದಲ್ಲಿ ಕಂಪನಿ ಎರಡಕ್ಕೂ ಹೇಳುವುದು 550 ವ್ಯಾಟ್. ಒಳ್ಳೆಯ 450 ವ್ಯಾಟ್‌ನದು ಈಗಾಗಲೇ ಇದ್ದರೆ 4060 ಅದರಲ್ಲಿ ಹಾಯಾಗಿ ನಡೆಯುತ್ತದೆ. ಹೆಸರೇ ಕೇಳಿರದ ಕಂಪನಿಯ ಎಸ್‌ಎಂಪಿಎಸ್ ಇದ್ದರೆ ಯಾವ ಕಾರ್ಡ್ ತಂದರೂ ಮೊದಲು ಅದನ್ನು ಬದಲಾಯಿಸಿ. ಸಣ್ಣ ಕ್ಯಾಬಿನೆಟ್ ಇರುವವರಿಗೂ, ಫ್ಯಾನ್ ಸದ್ದು ಆಗದವರಿಗೂ 4060 ಹಿತ. ಬಿಸಿ ಕಡಿಮೆ, ಕಾರ್ಡ್ ಚಿಕ್ಕದು.

ಯಾರಿಗೆ ಯಾವುದು

ಆಟ ಮಾತ್ರ, 1080ಪಿ, ಹೊಸದೇ ಬೇಕು, ವಾರಂಟಿ ಬೇಕು ಎಂದರೆ 4060. ಅದಕ್ಕೂ 5060ಗೂ ಬೆಲೆ ಹತ್ತಿರ ಇದ್ದರೆ 5060 ನೋಡಿ. ಮೆಮೊರಿ ಅಷ್ಟೇ ಇದ್ದರೂ ಬ್ಯಾಂಡ್‌ವಿಡ್ತ್ 448 ಜಿಬಿ, 4060ಗಿಂತ ಎಷ್ಟೋ ಮೇಲು.

ಕಲಿಯುವುದಕ್ಕೆ ಎಐ, ಬ್ಲೆಂಡರ್, ಜೊತೆಗೆ ಸಂಜೆ ಹೊತ್ತು ಒಂದಿಷ್ಟು ಆಟ ಎನ್ನುವ ಕಾಲೇಜು ಹುಡುಗ ಹುಡುಗಿಯರಿಗೆ 3060 12 ಜಿಬಿ. ಕುಡಾ (ಎನ್‌ವಿಡಿಯಾ ಕಾರ್ಡ್‌ಗಳಿಗೆಂದೇ ಇರುವ ಲೆಕ್ಕದ ಸಾಫ್ಟ್‌ವೇರ್) ಬೇಕು, ಜಾಗ ಬೇಕು, ದುಡ್ಡು ಕಡಿಮೆ, ಈ ಮೂರೂ ಸೇರಿದರೆ ಸೆಕೆಂಡ್‌ಹ್ಯಾಂಡ್‌ನಲ್ಲಿ ಇದಕ್ಕೆ ಎದುರಾಳಿ ಕಡಿಮೆ. ಆದರೆ ಬೆಲೆ ನೋಡಿ. ಹಳೆಯ 3060 ಹೊಸ 4060ಗಿಂತ ಕಾಲು ಭಾಗವಾದರೂ ಅಗ್ಗ ಇರಬೇಕು. ಎರಡು ಮೂರು ಸಾವಿರದ ವ್ಯತ್ಯಾಸಕ್ಕೆ ವಾರಂಟಿ ಬಿಡುವುದು ನನಗೆ ಸರಿ ಕಾಣುವುದಿಲ್ಲ.

ಕುಡಾ ಬೇಡ, ಆಟಕ್ಕೆ 12 ಜಿಬಿ ಬೇಕು ಎನ್ನುವವರು 2024ರ ಡಿಸೆಂಬರ್‌ನಲ್ಲಿ ಬಂದ ಇಂಟೆಲ್ ಆರ್ಕ್ ಬಿ580 ಕಡೆ ಒಮ್ಮೆ ಕಣ್ಣು ಹಾಯಿಸಿ. 12 ಜಿಬಿ, 456 ಜಿಬಿ ಬ್ಯಾಂಡ್‌ವಿಡ್ತ್. ಹಳೆಯ ಪ್ರೊಸೆಸರ್ ಜೊತೆಗೆ ಮಾತ್ರ ಅದು ಸೊರಗುತ್ತದೆ, ರೀಸೈಜಬಲ್ ಬಾರ್ (ಪ್ರೊಸೆಸರ್‌ಗೆ ಕಾರ್ಡಿನ ಇಡೀ ಮೆಮೊರಿ ಒಮ್ಮೆಗೇ ಸಿಗುವ ಸೌಲಭ್ಯ) ಇಲ್ಲದ ಬೋರ್ಡ್‌ಗೆ ಹಾಕಲೇಬೇಡಿ. ಬಜೆಟ್ ಎಳೆಯಲು ಸಾಧ್ಯವಿದ್ದರೆ 5060 ಟಿಐ 16 ಜಿಬಿ ಈ ಜಾಗ-ವೇಗದ ಜಗಳವನ್ನೇ ಮುಗಿಸುತ್ತದೆ. ಅದಕ್ಕೆ ತಕ್ಕ ಬೆಲೆಯನ್ನೂ ಕೇಳುತ್ತದೆ.

ಈಗಾಗಲೇ 3060 ಇರುವವರು 4060ಗೆ ಹೋಗಬೇಡಿ. ಶೇಕಡ 20ಕ್ಕಾಗಿ 4 ಜಿಬಿ ಬಿಟ್ಟುಕೊಡುವುದು ಯಾವ ಲೆಕ್ಕದಲ್ಲೂ ಹೊಂದುವುದಿಲ್ಲ.

ಕೊಳ್ಳುವಾಗ

3060 ಎಂಬ ಹೆಸರಿನಲ್ಲೇ ಎರಡು ಕಾರ್ಡ್ ಇವೆ. 2022ರ ಕೊನೆಗೆ 8 ಜಿಬಿಯ 3060 ಒಂದು ಬಂತು. ಕೋರ್ ಅಷ್ಟೇ, ಆದರೆ ಬಸ್ 128 ಬಿಟ್, ಬ್ಯಾಂಡ್‌ವಿಡ್ತ್ 240 ಜಿಬಿ. 12 ಜಿಬಿಯದಕ್ಕಿಂತ ಮೂರನೇ ಒಂದು ಪಾಲು ಕಡಿಮೆ. ಡಬ್ಬಿ ಹೆಚ್ಚುಕಡಿಮೆ ಒಂದೇ ತರಹ ಇರುತ್ತದೆ. ಅದನ್ನು ಯಾವ ಬೆಲೆಗೂ ಮುಟ್ಟಬೇಡಿ. ಇದ್ದ ಒಂದೇ ಅನುಕೂಲ ಹೋದ ಮೇಲೆ 3060 ಯಾಕೆ ಬೇಕು?

ಮೈನಿಂಗ್‌ಗೆ (ಕ್ರಿಪ್ಟೊ ಹಣ ಗಳಿಸಲು ಕಾರ್ಡ್ ಓಡಿಸುವುದು) ದುಡಿದ ಕಾರ್ಡ್ ಬಗ್ಗೆಯೂ ಕೇಳುತ್ತಾರೆ. 2022ರ ಸೆಪ್ಟೆಂಬರ್ 15ಕ್ಕೆ ಎಥೀರಿಯಂ ಮೈನಿಂಗ್ ನಿಂತಿತು. ಆಮೇಲೆ ಹಳೆಯ ಕಾರ್ಡ್‌ಗಳು ರಾಶಿ ರಾಶಿ ಮಾರಾಟಕ್ಕೆ ಬಂದವು, ಅದರಲ್ಲಿ 3060ಗಳೂ ಇದ್ದವು. ಮೈನಿಂಗ್ ತಡೆಯಲೆಂದೇ 3060ಗೆ ಹಾಕಿದ್ದ ಬೀಗವನ್ನು ಎನ್‌ವಿಡಿಯಾ ತಾನೇ ಬಿಟ್ಟ ಒಂದು ಬೀಟಾ ಡ್ರೈವರ್ 2021ರ ಮಾರ್ಚ್‌ನಲ್ಲಿ ತೆರೆದುಬಿಟ್ಟಿತ್ತು, ಅದೊಂದು ತಮಾಷೆ. ಮೈನಿಂಗ್ ಮಾಡಿದ ಕಾರ್ಡೆಲ್ಲ ಹಾಳು ಎನ್ನುವಂತಿಲ್ಲ. ಹೆಚ್ಚಾಗಿ ಸವೆಯುವುದು ಫ್ಯಾನ್, ಒಣಗುವುದು ಥರ್ಮಲ್ ಪೇಸ್ಟ್ ಮತ್ತು ಪ್ಯಾಡ್. ಇವನ್ನು ಬದಲಾಯಿಸುವ ಖರ್ಚು ಬೆಲೆಯಲ್ಲಿ ಕಳೆದು ಮಾತಾಡಿ.

ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಕೊಂಡರೂ, ಮನೆಗೆ ಬಂದು ಮಾರುವವರಿಂದ ಕೊಂಡರೂ, ದುಡ್ಡು ಕೊಡುವ ಮೊದಲು ಕಾರ್ಡನ್ನು ಒಂದು ಪಿಸಿಗೆ ಹಾಕಿಸಿ. ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್ ಸಾಫ್ಟ್‌ವೇರ್ ತೆರೆದು ಮೆಮೊರಿ 12,288 ಎಂಬಿ, ಬಸ್ 192 ಬಿಟ್, ಕೋರ್ 3584 ಎಂದು ತೋರಿಸುತ್ತದಾ ನೋಡಿ. 4060 ಆದರೆ 8192, 128, 3072. ಒಂದು ಭಾರಿ ಬೆಂಚ್‌ಮಾರ್ಕನ್ನು ಇಪ್ಪತ್ತು ನಿಮಿಷ ಓಡಲು ಬಿಡಿ, ಫ್ಯಾನ್ ಸದ್ದು ಕೇಳಿ, ಪರದೆಯ ಮೇಲೆ ಬಣ್ಣದ ಚುಕ್ಕೆ ಮಿಂಚುತ್ತದಾ ಗಮನಿಸಿ. ಎಲ್ಲ ಡಿಸ್‌ಪ್ಲೇ ಪೋರ್ಟ್‌ಗಳಿಗೂ ಒಮ್ಮೆ ಕೇಬಲ್ ಚುಚ್ಚಿ ನೋಡಿ. ಕಾರ್ಡಿನ ಹಿಂದಿನ ಸೀರಿಯಲ್ ನಂಬರ್ ಬಿಲ್‌ನ ನಂಬರ್ ಜೊತೆ ತಾಳೆಯಾಗಬೇಕು. ವಾರಂಟಿ ಸಾಮಾನ್ಯವಾಗಿ 3 ವರ್ಷ, 2021ರಲ್ಲಿ ಕೊಂಡ 3060ಗೆ ಅದು ಎಂದೋ ಮುಗಿದಿದೆ. 2023ರ ನಂತರ ಕೊಂಡದ್ದು ಎಂದು ಮಾರುವವರು ಹೇಳಿದರೆ ಆ ಸೀರಿಯಲ್ ನಂಬರನ್ನು ಅಲ್ಲೇ ನಿಂತು ಕಂಪನಿಯ ವಾರಂಟಿ ಪುಟದಲ್ಲಿ ಹಾಕಿ ನೋಡಿ, ಆಮೇಲೆ ಬೆಲೆ ಮಾತಾಡಿ.